ಪಿಯುಸಿ ಲೆಕ್ಕ ಇಲ್ಲಿ ನಡೆಯಲ್ಲ

ಮೊನ್ನೆ ಅಮೆರಿಕದಲ್ಲಿರುವ ನಮ್ಮವರ ಗುಂಪಿನಲ್ಲಿ ಒಬ್ಬರು ಕೇಳಿದ್ದರು, ಮಗ ಹನ್ನೊಂದನೇ ಕ್ಲಾಸು, ಸ್ಕೂಲಿನಲ್ಲಿ ಕಾಲೇಜಿನ ಬಗ್ಗೆ ಮೀಟಿಂಗ್ ಕರೆದಿದ್ದರು, ಹೋಗಿ ಬಂದೆವು, ಅರ್ಧ ಮಾತು ತಲೆಗೆ ಹೋಗಲಿಲ್ಲ ಅಂತ. ಇವತ್ತು ಪುರುಸೊತ್ತಾಯಿತು, ಬರೆಯುತ್ತೇನೆ. ನಮ್ಮ ಮಗಳು ಈಗ ಸಾಫ್‌ಮೋರ್, ಅಂದರೆ ಕಾಲೇಜಿನಲ್ಲಿ ಎರಡನೇ ವರ್ಷ. ಫ್ರೆಶ್‌ಮನ್, ಸಾಫ್‌ಮೋರ್, ಜೂನಿಯರ್, ಸೀನಿಯರ್ ಅನ್ನೋ ನಾಲ್ಕು ವರ್ಷದ ಹೆಸರು ಹೈಸ್ಕೂಲಿಗೂ ಅದೇ, ಕಾಲೇಜಿಗೂ ಅದೇ. ನಿಮ್ಮ ಮಗ ಈಗ ಜೂನಿಯರ್.

ಗೊತ್ತಿಲ್ಲದ ಪದ ಬಂದರೆ ಗೂಗಲ್ ಮಾಡುತ್ತೇವೆ, ಮುಗಿಯಿತು. ನಮಗೆ ಪೆಟ್ಟು ಬೀಳುವುದು ಗೊತ್ತಿದೆ ಅಂದುಕೊಂಡ ಪದಗಳಲ್ಲಿ. ಮೊದಲನೆಯದು ಪ್ರಿ-ಮೆಡ್. ಮಗಳು ಬಯಾಲಜಿ ಮೇಜರ್, ಅಂದರೆ ಮುಖ್ಯ ವಿಷಯ, ತಗೊಂಡು ಪ್ರಿ-ಮೆಡ್ ಅಂದಳು. ಶಿವಮೊಗ್ಗದಲ್ಲಿ ನಮ್ಮತ್ತೆ ಮೊಮ್ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿತು ಅಂತ ಇಡೀ ಬೀದಿಗೆ ಹೇಳಿಬಿಟ್ಟರು! ಇಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು ಎಂಬಿಬಿಎಸ್ ಸೇರುವ ದಾರಿ ಇಲ್ಲ. ಪ್ರಿ-ಮೆಡ್ ಡಿಗ್ರಿಯೂ ಅಲ್ಲ, ಸೀಟೂ ಅಲ್ಲ, ಮುಂದೆ ಮೆಡಿಕಲ್ ಸ್ಕೂಲಿಗೆ ಬೇಕಾದ ಕೋರ್ಸುಗಳನ್ನು ತಗೊಳ್ಳುತ್ತಿದ್ದೇನೆ ಅನ್ನೋ ಮಾತು ಅಷ್ಟೇ. ನಾಲ್ಕು ವರ್ಷದ ಬ್ಯಾಚಲರ್ಸ್, ಎಂಕ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ, ಆಮೇಲೆ ಮೆಡಿಕಲ್ ಸ್ಕೂಲಿನಲ್ಲಿ ಇನ್ನೂ ನಾಲ್ಕು ವರ್ಷ. ಎಷ್ಟೋ ಮಕ್ಕಳು ಆರ್ಗ್ಯಾನಿಕ್ ಕೆಮಿಸ್ಟ್ರಿ ಹೊತ್ತಿಗೆ ಮನಸ್ಸು ಬದಲಾಯಿಸುತ್ತಾರೆ. ಅದು ಸೋಲೇನಲ್ಲ, ಮೇಜರ್ ಬದಲಾಯಿಸುವುದು ಇಲ್ಲಿ ಸಾಮಾನ್ಯ.

ಇನ್ನೊಂದು ಅರ್ಲಿ ಡಿಸಿಷನ್. ನಾನು ತಿಳಿದಿದ್ದು, ಬೇಗ ಅರ್ಜಿ ಹಾಕಿದರೆ ಬೇಗ ಉತ್ತರ, ರೈಲಿಗೆ ಮುಂಚೆನೇ ಟಿಕೆಟ್ ಮಾಡಿಸಿದ ಹಾಗೆ. ಅರ್ಲಿ ಆಕ್ಷನ್ ಅಂತ ಇನ್ನೊಂದಿದೆ, ಅದು ನಿಜಕ್ಕೂ ಹಾಗೇ. ಆದರೆ ಡಿಸಿಷನ್‌ನಲ್ಲಿ ಮಗು, ಅಪ್ಪ ಅಥವಾ ಅಮ್ಮ, ಸ್ಕೂಲಿನ ಕೌನ್ಸೆಲರ್ ಮೂವರೂ ಸಹಿ ಹಾಕುತ್ತೀರಿ, ಸಿಕ್ಕಿದರೆ ಅಲ್ಲಿಗೇ ಸೇರುತ್ತೇವೆ, ಉಳಿದ ಅರ್ಜಿ ವಾಪಸ್ ತಗೊಳ್ಳುತ್ತೇವೆ ಅಂತ. ಬೇರೆ ಕಾಲೇಜು ಎಷ್ಟಕ್ಕೆ ಕೊಡುತ್ತದೆ ಅಂತ ಹೋಲಿಸಿ ನೋಡುವ ಅವಕಾಶವೇ ಹೋಯಿತು. ನಾನು ಓದದೆ ಸಹಿ ಹಾಕಲು ಕೂತಿದ್ದೆ, ಹೆಂಡತಿ ತಡೆದಳು.

ದುಡ್ಡಿನ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಮೋಸ ಹೋಗುವುದು ಇಲ್ಲೇ. ಊರಲ್ಲಿ ಸ್ಕಾಲರ್‌ಶಿಪ್ ಬಂತು ಅಂದರೆ ದುಡ್ಡು ಬಂತು, ಅಲ್ವಾ? ಇಲ್ಲಿ ಕಾಲೇಜಿನಿಂದ ಅವಾರ್ಡ್ ಲೆಟರ್ ಬರುತ್ತದೆ. ಅದರಲ್ಲಿ ಗ್ರಾಂಟ್, ವರ್ಕ್-ಸ್ಟಡಿ, ಲೋನ್ ಎಲ್ಲಾ ಒಂದರ ಕೆಳಗೊಂದು ಬರೆದು ಕೊನೆಗೆ ದೊಡ್ಡದೊಂದು ಮೊತ್ತ ಹಾಕಿರುತ್ತಾರೆ. ಗ್ರಾಂಟ್, ಸ್ಕಾಲರ್‌ಶಿಪ್ ಮಾತ್ರ ನಿಜವಾಗಿ ಕೊಟ್ಟಿದ್ದು. ವರ್ಕ್-ಸ್ಟಡಿ ಅಂದರೆ ಮಗು ಲೈಬ್ರರಿಯಲ್ಲೋ ಇನ್ನೆಲ್ಲೋ ಕೆಲಸ ಮಾಡಿ ದುಡಿಯಬೇಕಾದ ದುಡ್ಡು. ಲೋನ್ ಬಡ್ಡಿ ಸಮೇತ ತೀರಿಸಬೇಕು, ಅದನ್ನೂ ಅವಾರ್ಡ್ ಅಂತಲೇ ಕರೆಯುತ್ತಾರೆ ನೋಡಿ. ಹಾಗಾಗಿ ಪೆನ್ನು ಹಿಡಿದು ಲೋನ್, ವರ್ಕ್-ಸ್ಟಡಿ ಎರಡನ್ನೂ ಹೊಡೆದುಹಾಕಿ, ಆಮೇಲೆ ಲೆಕ್ಕ ಮಾಡಿ. ಲೆಕ್ಕ ಬರೀ ಟ್ಯೂಷನ್ ಮೇಲೂ ಅಲ್ಲ. ಟ್ಯೂಷನ್ ಅಂದರೆ ಇಲ್ಲಿ ಸಂಜೆ ಮನೆಪಾಠವಲ್ಲ, ಕಾಲೇಜಿನ ಫೀಸು. ಅದಕ್ಕೆ ಹಾಸ್ಟೆಲ್, ಊಟ, ಪುಸ್ತಕ ಸೇರಿಸಿ. ವೆಬ್‌ಸೈಟಿನಲ್ಲಿರುವ ದೊಡ್ಡ ರೇಟು ನೋಡಿ ಹೆದರಬೇಡಿ, ಸಹಾಯ ಕಳೆದು ನಮಗೆ ಸುಮಾರು ಎಷ್ಟು ಬೀಳುತ್ತದೆ ಅಂತ ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಅನ್ನು 2011ರಿಂದ ಕಾಲೇಜುಗಳು ಇಡಲೇಬೇಕು, ಅದರಲ್ಲಿ ನಿಮ್ಮ ಆದಾಯ ಹಾಕಿ ನೋಡಿ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಸಹಾಯಕ್ಕೆ ಹಾಕುವ ಫಾಫ್ಸಾ ಫಾರಂ ಸಿಟಿಜನ್, ಗ್ರೀನ್ ಕಾರ್ಡ್ ಇದ್ದವರಿಗೆ. ಮಗ ಅಪ್ಪ-ಅಮ್ಮನ ಕೆಲಸದ ವೀಸಾ ಆಧಾರದ ಮೇಲೆ ಸಿಗುವ ಎಚ್-4 ವೀಸಾದಲ್ಲಿದ್ದರೆ ಫೆಡರಲ್ ಸಹಾಯ ಸಿಗಲ್ಲ, 21 ತುಂಬಿದರೆ ಆ ವೀಸಾನೂ ಮುಗಿಯಿತು. ಈ ತಲೆನೋವು ಇರುವವರು ಈಗಲೇ ವಕೀಲರನ್ನು ಕೇಳಿ, ಗುಂಪಿನ ಮಾತು ನಂಬಿಕೊಂಡು ಕೂರಬೇಡಿ.

ಕಮ್ಯುನಿಟಿ ಕಾಲೇಜು ಅಂದಾಗ ನಮ್ಮವರು ಮುಖ ಸಿಂಡರಿಸುತ್ತಾರೆ. ನಮ್ಮ ಕಿವಿಗೆ ಕಮ್ಯುನಿಟಿ ಅಂದರೆ ಯಾವುದೋ ಜಾತಿ ಸಂಘದವರು ಕಟ್ಟಿಸಿದ ಕಾಲೇಜು ಅನ್ನಿಸುತ್ತದೆ, ಇಲ್ಲಾ ಸೀಟು ಸಿಗದವರು ಹೋಗುವ ಜಾಗ ಅಂತ. ಇದು ಕೌಂಟಿಯವರು, ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ನಡೆಸುವ ಎರಡು ವರ್ಷದ ಕಾಲೇಜು, ಫೀಸು ತುಂಬಾ ಕಡಿಮೆ. ಇಲ್ಲಿ ಲೆಕ್ಕವೆಲ್ಲ ಕ್ರೆಡಿಟ್‌ನಲ್ಲಿ, ಒಂದೊಂದು ಕೋರ್ಸು ಪಾಸಾದರೆ ಇಷ್ಟಿಷ್ಟು ಅಂತ. ಬ್ಯಾಚಲರ್ಸ್‌ಗೆ ಸುಮಾರು 120 ಕ್ರೆಡಿಟ್ ಬೇಕು, ಅದರಲ್ಲಿ 60ರಷ್ಟು ಕಮ್ಯುನಿಟಿ ಕಾಲೇಜಿನಲ್ಲೇ ಮುಗಿಸಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗಬಹುದು. ನಮ್ಮ ನ್ಯೂಜೆರ್ಸಿಯಲ್ಲಿ ಈ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡಿದವರ ಕ್ರೆಡಿಟ್ ಸರ್ಕಾರಿ ಕಾಲೇಜುಗಳಿಗೆ ಹೋಗಲಿ ಅಂತ 2007ರಲ್ಲೇ ಕಾನೂನು ಮಾಡಿದ್ದಾರೆ. ಕೊನೆಗೆ ಡಿಗ್ರಿ ಮೇಲೆ ಇರುವುದು ವಿಶ್ವವಿದ್ಯಾಲಯದ ಹೆಸರೇ. ನಮ್ಮ ಚಿಕ್ಕ ಮಗನನ್ನು ಈ ದಾರಿಯಲ್ಲಿ ಕಳಿಸೋಣ ಅಂತ ನಾನು, ಬೇಡ ಅಂತ ಮನೆಯಲ್ಲಿ ಉಳಿದವರೆಲ್ಲ.

ಇನ್ನೊಂದು ಹೇಳಿಬಿಡುತ್ತೇನೆ, ಫರ್ಪಾ, ವಿದ್ಯಾರ್ಥಿಗಳ ದಾಖಲೆ ಗುಟ್ಟಾಗಿಡುವ ಕಾನೂನು. ಮೊದಲ ಸೆಮಿಸ್ಟರ್ ಮುಗಿದ ಮೇಲೆ ಮಾರ್ಕ್ಸ್ ಕೇಳೋಣ ಅಂತ ಕಾಲೇಜಿಗೆ ಫೋನ್ ಮಾಡಿದೆ. ಫೀಸು ಕಟ್ಟುವವನು ನಾನೇ ಅಂದೆ. ಫೋನ್ ತೆಗೆದಾಕೆ ಬಹಳ ನಯವಾಗಿ, ಕಾಲೇಜು ಸೇರಿದ ಮೇಲೆ ಮಾರ್ಕ್ಸ್ ನೋಡುವ ಹಕ್ಕು ವಿದ್ಯಾರ್ಥಿಯದು, ಅವಳು ಒಪ್ಪಿಗೆ ಕೊಟ್ಟರೆ ಹೇಳುತ್ತೇವೆ ಅಂದರು. ಮಗಳ ಹತ್ತಿರ ಆ ಒಪ್ಪಿಗೆ ಫಾರಂ ಕೇಳಿದರೆ, ಯಾಕಪ್ಪಾ, ನನ್ನನ್ನೇ ಕೇಳಬಹುದಿತ್ತಲ್ಲ ಅಂದಳು. ಎರಡು ವಾರ ಬೇಡಿಸಿಕೊಂಡು ಕೊನೆಗೆ ಸಹಿ ಮಾಡಿಕೊಟ್ಟಳು. ಕೆಮಿಸ್ಟ್ರಿಯಲ್ಲಿ ಸಿ ಪ್ಲಸ್ ಬಂದಿತ್ತು.