ಸಹಾಯ ಬೇಕು: ಬಾಣದ ಮೊನೆಗೆ ಹದ ಕೊಡಬಲ್ಲವರು ಇದ್ದೀರಾ?

ನಮಸ್ಕಾರ. ನಾನು ಬೇಲೂರಿನವನು. ಚೆನ್ನಕೇಶವ ದೇವಾಲಯದ ಬಿಲ್ಲು ಹಿಡಿದ ಮದನಿಕೆಯನ್ನು ನೋಡುತ್ತಲೇ ಬೆಳೆದವನು. ಬಿದಿರಿನ ಬಿಲ್ಲು, ಬಾಣ ಎರಡನ್ನೂ ಕೈಯಾರೆ ಮಾಡಿಕೊಂಡಿದ್ದೇನೆ. ಈಗ ಹಿಂದಿನ ಬೇಟೆ ಬಾಣಗಳಂತಹ ಅಗಲ ಅಲಗಿನ ಮೊನೆಗಳನ್ನೂ ಮಾಡುವ ಆಸೆ. ಬಳಕೆ ಫೋಮ್ ಗುರಿಗೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಬೇಟೆಯ ಮಾತೇ ಇಲ್ಲ, ನನಗೆ ಅದು ಬೇಕಾಗಿಯೂ ಇಲ್ಲ.

ಪರಿಚಯದ ಕುಲುಮೆಯಲ್ಲಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ತಟ್ಟಿ ಆರು ಮೊನೆ ಮಾಡಿದೆವು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಎರಡರಿಂದ ‘ಟಿಣ್’ ಎಂಬ ಸದ್ದು ಬಂತು. ಉಜ್ಜಿ ನೋಡಿದರೆ ಅಂಚಿನಿಂದ ನಡುವಿನವರೆಗೆ ಕೂದಲೆಳೆಯಷ್ಟು ಸಣ್ಣ ಬಿರುಕು! ಹೊಟ್ಟೆ ಉರಿಯಿತು. ಎಣ್ಣೆಗೆ ಅದ್ದಿದ ನಾಲ್ಕು ಉಳಿದುಕೊಂಡವು. ಆದರೆ ಪೆಡಸು ತೆಗೆಯಲು ಮತ್ತೆ ಕಾಯಿಸುವಾಗ, ಬುಡ ಒಣಹುಲ್ಲಿನ ಬಣ್ಣಕ್ಕೆ ಬರುವಷ್ಟರಲ್ಲಿ ತುದಿ ಕಾವು ಮೀರಿ ನೀಲಿಗೆ ತಿರುಗಿತ್ತು. ನೀಲಿಯಾದ ಅಂಚು ನಾಲ್ಕೇ ಹೊಡೆತಕ್ಕೆ ಮೊಂಡಾಗುತ್ತಿದೆ. ತೆಳುವಾದ ತುದಿ ಮೊದಲೇ ಕಾಯದಂತೆ ತಡೆಯುವುದು ಹೇಗೆ? ಬಿಸಿ ಮರಳಿನಲ್ಲಿ ಹೂತು ಕಾಯಿಸಿದವರು ಯಾರಾದರೂ ಇದ್ದೀರಾ?

ತೂಕವೂ ಕೂಡುತ್ತಿಲ್ಲ. ಬೇಕಾದದ್ದು 125 ಗ್ರೇನ್, ಅಂದರೆ ಸುಮಾರು 8.1 ಗ್ರಾಂ, ನನ್ನವು 7.4ರಿಂದ 9.8ರವರೆಗೆ ಇವೆ. ಹೆಚ್ಚು ತೂಕದವನ್ನು ಅರೆದು ಸರಿಪಡಿಸಬಹುದು, ಬಿಡಿ. ಬಾಣವನ್ನು ಅಂಗೈಯಲ್ಲಿ ಬುಗುರಿಯಂತೆ ತಿರುಗಿಸಿದಾಗ ಮೊನೆ ಓಲಾಡುವುದೇ ದೊಡ್ಡ ತೊಂದರೆ.

ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಹದ ಬಲ್ಲ ಹಿರಿಯ ಕಮ್ಮಾರರಿದ್ದರೆ ದಯವಿಟ್ಟು ತಿಳಿಸಿ. ಕಬ್ಬಿಣ, ಇದ್ದಿಲು ನಾನೇ ತರುತ್ತೇನೆ. ಇಡೀ ದಿನ ತಿದಿ ಒತ್ತಲೂ ಸಿದ್ಧನಿದ್ದೇನೆ.