ಇಲೊಕಾನೊ, ಫಿಲಿಪಿನೊ: ಒಂದೇ ಭಾಷೆಯೇ?

ಪ್ರಶ್ನೆ (ಡೊಂಬಿವಲಿ): ನಾನು ಸರಕು ಹಡಗಿನಲ್ಲಿ ಎಂಜಿನಿಯರ್. ಫಿಲಿಪೀನ್ಸಿನ ಇಬ್ಬರು ಸಹೋದ್ಯೋಗಿಗಳು ತಮ್ಮೊಳಗೆ ಇಲೊಕಾನೊ ಮಾತನಾಡುತ್ತಾರೆ, ಉಳಿದ ದೇಶಬಾಂಧವರೊಡನೆ ಫಿಲಿಪಿನೊ ಬಳಸುತ್ತಾರೆ. ಇಲೊಕಾನೊ ಅದರ ಉಪಭಾಷೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಪುಣೆ): ಅಲ್ಲ, ಅದು ಸ್ವತಂತ್ರ ಭಾಷೆ. ಫಿಲಿಪಿನೊ ತಗಾಲೊಗ್ ಭಾಷೆಯ ಆಧಾರದ ಮೇಲೆ ರೂಪುಗೊಂಡದ್ದು. 1987ರ ಸಂವಿಧಾನ ಅದನ್ನು ರಾಷ್ಟ್ರಭಾಷೆ ಎಂದು ಹೆಸರಿಸಿದೆ. ಇಲೊಕಾನೊ ಫಿಲಿಪೀನ್ಸಿನ ಲುಜಾನ್ ದ್ವೀಪದ ಉತ್ತರ ಭಾಗದ್ದು. ಎರಡೂ ಆಸ್ಟ್ರೋನೇಷ್ಯನ್ ಕುಟುಂಬದವಾದ್ದರಿಂದ ಇಲೊಕಾನೊದಲ್ಲಿ ಮನೆಯು ‘ಬಲಾಯ್’ ಆದರೆ ಫಿಲಿಪಿನೊದಲ್ಲಿ ‘ಬಾಹಾಯ್’, ಐದು ಎರಡರಲ್ಲೂ ‘ಲಿಮಾ’. ಆದರೆ ನೀರು ಇಲೊಕಾನೊದಲ್ಲಿ ‘ದಾನುಮ್’, ಫಿಲಿಪಿನೊದಲ್ಲಿ ‘ತೂಬಿಗ್’. ಕನ್ನಡ, ತಮಿಳುಗಳ ನಂಟಿನಂತೆ ಬೇರು ಒಂದೇ ಆದರೂ ಕಲಿಯದೆ ಅರ್ಥವಾಗುವುದಿಲ್ಲ.

ಉತ್ತರ (ಮಾಟುಂಗಾ): ವ್ಯಾಕರಣದಲ್ಲಿ ಸಾಮ್ಯ ಹೆಚ್ಚು. ಎರಡರಲ್ಲೂ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಮೊದಲಿಗೇ ಬರುತ್ತದೆ. ನನಗೆ ಬಹಳ ಮೆಚ್ಚುಗೆಯಾದದ್ದು ‘ನಾವು’ ಎಂಬುದಕ್ಕಿರುವ ಎರಡು ರೂಪಗಳು: ಕೇಳುವವರನ್ನೂ ಸೇರಿಸಿಕೊಂಡರೆ ಫಿಲಿಪಿನೊದಲ್ಲಿ ‘ತಾಯೊ’, ಇಲೊಕಾನೊದಲ್ಲಿ ‘ದತಾಯೊ’, ಸೇರಿಸದಿದ್ದರೆ ‘ಕಮಿ’, ‘ದಕಮಿ’. ನಮ್ಮ ನೆರೆಯ ಮರಾಠಿಯ ‘ಆಪಣ್’, ‘ಆಮ್ಹೀ’ ಬಳಸುವ ಮುಂಬಯಿ ಕನ್ನಡಿಗರಿಗೆ ಇದು ಸುಲಭವಾಗಿ ಹೊಳೆಯುತ್ತದೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ಊಟದ ಹೊತ್ತಿಗೆ ಅವರು ‘ಮಂಗಾನ್ ತಾಯೋನ್’ ಎಂದು ಕರೆಯುವಾಗ ನನ್ನನ್ನೂ ಸೇರಿಸಿಕೊಂಡಿದ್ದರೆಂಬುದು ಈಗ ತಿಳಿಯಿತು.