ಎಚ್‌ಇಕೆ 293: ಮೀಡಿಯಾದಲ್ಲಿ ಪ್ರೋಟೀನೇ ಇಲ್ಲ, ಜಿಎಫ್‌ಪಿಯೂ ಮಂಕು

ಫ್ಲಾಸ್ಕ್‌ವಾಸಿ:
ಸಸ್ಪೆನ್ಷನ್ (ದ್ರವದಲ್ಲಿ ತೇಲಿ ಬೆಳೆಯುವ) ಎಚ್‌ಇಕೆ 293 ಮಾನವ ಕೋಶಗಳು, 125 ಮಿ.ಲೀ. ಫ್ಲಾಸ್ಕಿನಲ್ಲಿ 30 ಮಿ.ಲೀ. ಕಲ್ಚರ್, 37 ಡಿಗ್ರಿ, 8% ಸಿಒ2, 125 ಆರ್‌ಪಿಎಂ. ಮಿ.ಲೀ.ಗೆ 1 ಮೈಕ್ರೋಗ್ರಾಂ ಪ್ಲಾಸ್ಮಿಡ್ (ಪ್ರೋಟೀನಿನ ಜೀನ್ ಹೊತ್ತ ಡಿಎನ್‌ಎ), 3 ಮೈಕ್ರೋಗ್ರಾಂ ಪಿಇಐ (ಡಿಎನ್‌ಎಯನ್ನು ಕೋಶದೊಳಗೆ ಒಯ್ಯುವ ಪಾಲಿಮರ್). ಪ್ರೋಟೀನು ಕೋಶದಿಂದ ಹೊರಬರುವಂಥದ್ದು; ಅದನ್ನು ಹೊರಕಳಿಸುವ ಸಿಗ್ನಲ್ ಪೆಪ್ಟೈಡ್ ಇದೆ, ಸಿ-ತುದಿಯಲ್ಲಿ ಶುದ್ಧೀಕರಣಕ್ಕೆಂದು ಆರು ಹಿಸ್ಟಿಡಿನ್. ಐದನೇ ದಿನದ ವೆಸ್ಟರ್ನ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನು ಪತ್ತೆಹಚ್ಚುವ ಪರೀಕ್ಷೆ) ಮೀಡಿಯಾ (ಕೋಶ ಬೆಳೆಯುವ ದ್ರವ) ಖಾಲಿ. ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನು) ಕಂಟ್ರೋಲ್‌ನಲ್ಲೂ 48 ಗಂಟೆಗೆ ಹಸಿರಾದದ್ದು 10% ಕೋಶ ಮಾತ್ರ. ಸಿಗ್ನಲ್ ಪೆಪ್ಟೈಡ್ ಬದಲಿಸಿ ಮತ್ತೆ ಕ್ಲೋನ್ ಮಾಡಲೇ?

ಕಲ್ಚರ್‌ಕೋಣೆ:
ಈಗಲೇ ಕ್ಲೋನಿಂಗಿಗೆ ಕೈಹಾಕಬೇಡಿ. ಜಿಎಫ್‌ಪಿಯೇ ಇಷ್ಟು ಕಡಿಮೆ ಅಂದರೆ ಡಿಎನ್‌ಎ ಒಳಗೇ ಹೋಗುತ್ತಿಲ್ಲ. ಪ್ರೋಟೀನು ಹೊರಬರುವ ಪ್ರಶ್ನೆ ಆಮೇಲಿನದು. ಕೋಶಗಳು ಗಂಟುಕಟ್ಟದಿರಲಿ ಎಂದು ಆಂಟಿ-ಕ್ಲಂಪಿಂಗ್ ಏಜೆಂಟ್ ಹಾಕುತ್ತೀರಾ? ನನ್ನ ಮೊದಲ ಅನುಮಾನ ಅದರ ಮೇಲೆ. ಪಿಇಐ ಧನ ಆವೇಶದ್ದು. ಡೆಕ್ಸ್‌ಟ್ರಾನ್ ಸಲ್ಫೇಟ್, ಹೆಪಾರಿನ್‌ನಂಥ ಋಣ ಆವೇಶದ ಪಾಲಿಮರ್ ಮೀಡಿಯಾದಲ್ಲಿದ್ದರೆ ಅದು ಪಿಇಐಗೆ ಅಂಟಿಕೊಂಡು ಡಿಎನ್‌ಎಯನ್ನು ಬಿಡಿಸಿಬಿಡುತ್ತದೆ.

ಟ್ರಾನ್ಸ್‌ಫೆಕ್ಷನ್ (ಕೋಶಕ್ಕೆ ಡಿಎನ್‌ಎ ಸೇರಿಸುವ) ದಿನ ಕೋಶಗಳ ಜೀವಂತಿಕೆ 95%ಗಿಂತ ಮೇಲಿರಲಿ. 300 ಜಿ, 5 ನಿಮಿಷ ಸ್ಪಿನ್ ಮಾಡಿ, ಏಜೆಂಟ್ ಇಲ್ಲದ ಹೊಸ ಮೀಡಿಯಾ 27 ಮಿ.ಲೀ.ಗೆ ಎತ್ತಿಕೊಳ್ಳಿ, ಮಿ.ಲೀ.ಗೆ ಸುಮಾರು 20 ಲಕ್ಷ ಕೋಶ. 30 ಮೈಕ್ರೋಗ್ರಾಂ ಡಿಎನ್‌ಎಯನ್ನು 1.5 ಮಿ.ಲೀ., 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡಿಗೆ ಹಾಕಿ. 90 ಮೈಕ್ರೋಗ್ರಾಂ ಪಿಇಐ ಇನ್ನೊಂದು 1.5 ಮಿ.ಲೀ.ಗೆ. ಪಿಇಐಯನ್ನು ಡಿಎನ್‌ಎಗೆ ಸುರಿದು ಕಲಸಿ, 10–15 ನಿಮಿಷ ಬಿಟ್ಟು ಫ್ಲಾಸ್ಕಿಗೆ ಹನಿಹನಿಯಾಗಿ ಬಿಡಿ. ಉಪ್ಪುನೀರಿನಲ್ಲಿ ಕಣಗಳು ಬೆಳೆಯುತ್ತಲೇ ಹೋಗುತ್ತವೆ, ಹಾಗಾಗಿ ಮಧ್ಯೆ ಕಾಫಿಗೆ ಎದ್ದುಹೋಗಬೇಡಿ. 24 ಗಂಟೆ ಕಳೆದ ಮೇಲೆ ಪ್ರೋಟೀನಿನ ಇಳುವರಿ ಹೆಚ್ಚಲು 3.5 ಮಿಲಿಮೋಲಾರ್ ವಾಲ್ಪ್ರೋಯಿಕ್ ಆಮ್ಲ ಕೊಡಿ. ಗಂಟು ಕಾಣಿಸಿದರೆ ಏಜೆಂಟನ್ನೂ ಆಗ ಹಾಕಬಹುದು.

ಫ್ಲಾಸ್ಕ್‌ವಾಸಿ:
ಏಜೆಂಟೇ ಕಾರಣ! ಅದನ್ನು ಬಿಟ್ಟ ಮೇಲೆ ಜಿಎಫ್‌ಪಿ 70% ದಾಟಿತು, ಮೀಡಿಯಾದಲ್ಲಿ ದಪ್ಪ ಬ್ಯಾಂಡ್ ಬಂತು. ಆದರೆ ಮೀಡಿಯಾವನ್ನು ನೇರ ನಿಕಲ್-ಎನ್‌ಟಿಎ ಕಾಲಮಿಗೆ (ಇದರ ರೆಸಿನ್‌ನಲ್ಲಿರುವ ನಿಕಲ್ ಹಿಸ್ಟಿಡಿನ್‌ಗಳನ್ನು ಹಿಡಿಯಬೇಕು) ಹಾಕಿದರೆ ಪ್ರೋಟೀನೆಲ್ಲ ಫ್ಲೋ-ಥ್ರೂನಲ್ಲಿ (ಅಂಟದೆ ಹರಿದುಹೋದ ದ್ರವ). ನೀಲಿ ರೆಸಿನ್ ಬೆಳ್ಳಗಾಗಿದೆ.

ರೆಸಿನ್‌ರಾಯ:
ಬೆಳ್ಳಗಾಯಿತೆಂದರೆ ನಿಕಲ್ ತೊಳೆದುಹೋಗಿದೆ. ಪ್ರೋಟಿಯೇಸ್ ಇನ್‌ಹಿಬಿಟರ್ (ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ತಡೆಯುವಂಥದ್ದು) ಹಾಕಿದ್ದರೆ ಅದರಲ್ಲಿ ಇಡಿಟಿಎ (ಲೋಹವನ್ನು ಕಚ್ಚಿಹಿಡಿಯುವ ಕೀಲೇಟರ್) ಇದೆಯೇ ನೋಡಿ. ಅದಿಲ್ಲದಿದ್ದರೂ ಮೀಡಿಯಾದ ಅಮೈನೋ ಆಮ್ಲಗಳು, ಕೀಲೇಟರ್‌ಗಳು ನಿಕಲನ್ನು ಕಿತ್ತುಕೊಳ್ಳುತ್ತವೆ. ಜೊತೆಗೆ ಹಳೆಯ ಮೀಡಿಯಾದ ಪಿಎಚ್ 7ರ ಕೆಳಗಿಳಿದಿದ್ದರೆ ಹಿಸ್ಟಿಡಿನ್‌ಗಳಿಗೆ ಪ್ರೋಟಾನ್ ಸೇರಿ ಹಿಡಿತ ಸಡಿಲ.

ಫ್ಲೋ-ಥ್ರೂ ಚೆಲ್ಲಬೇಡಿ, ನಿಮ್ಮ ಸರಕೆಲ್ಲ ಅದರಲ್ಲೇ ಇದೆ. 50 ಮಿಲಿಮೋಲಾರ್ ಟ್ರಿಸ್, 300 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, ಪಿಎಚ್ 8.0ರಲ್ಲಿ 4 ಡಿಗ್ರಿಯಲ್ಲಿ ಡಯಾಲಿಸಿಸ್ ಮಾಡಿ; ಬಫರ್ ಎರಡು ಸಲ ಬದಲಿಸಿ, ಒಂದು ರಾತ್ರಿ ಬಿಡಿ. ಅಷ್ಟರಲ್ಲಿ ಕಾಲಮಿಗೆ 100 ಮಿಲಿಮೋಲಾರ್ ಇಡಿಟಿಎ, ಧಾರಾಳ ನೀರು, 100 ಮಿಲಿಮೋಲಾರ್ ನಿಕಲ್ ಸಲ್ಫೇಟ್, ಮತ್ತೆ ನೀರು ಹಾಯಿಸಿ. ಮಧ್ಯದ ನೀರಿನಲ್ಲಿ ಜಿಪುಣತನ ಮಾಡಿದರೆ ಉಳಿದ ಇಡಿಟಿಎ ಹೊಸ ನಿಕಲನ್ನೂ ಒಯ್ಯುತ್ತದೆ. ಪ್ರೋಟೀನು ಹತ್ತಿಸಿದ ಮೇಲೆ 20 ಮಿಲಿಮೋಲಾರ್ ಇಮಿಡಜೋಲ್‌ನಲ್ಲಿ (ನಿಕಲ್‌ಗಾಗಿ ಹಿಸ್ಟಿಡಿನ್ ಜೊತೆ ಪೈಪೋಟಿ ಮಾಡುವ ಅಣು) ತೊಳೆದು 250 ಮಿಲಿಮೋಲಾರ್‌ನಲ್ಲಿ ಇಳಿಸಿ. ಬಳಸಿದ ನಿಕಲ್ ದ್ರಾವಣ ಸಿಂಕಿಗಲ್ಲ, ಭಾರಲೋಹದ ತ್ಯಾಜ್ಯದ ಬಾಟಲಿಗೆ.